ಲೆವೊಡೋಪಾದಿಂದ ನಡಿಗೆ ಸುಧಾರಿಸ್ತು, ವಾಸನೆ ಯಾಕೆ ವಾಪಸ್ ಬರಲಿಲ್ಲ?

ಪ್ರಶ್ನೆ: ನಮ್ಮ ತಂದೆಗೆ ಪಾರ್ಕಿನ್ಸನ್ ಇದೆ. ಕೈ ನಡುಕ ಶುರುವಾಗೋಕೆ ಎಷ್ಟೋ ವರ್ಷ ಮೊದಲೇ ಅವರಿಗೆ ವಾಸನೆ ಗೊತ್ತಾಗೋದು ನಿಂತುಹೋಗಿತ್ತು, ನಾವು ಸೈನಸ್ ಇರಬೇಕು ಅಂದ್ಕೊಂಡು ಸುಮ್ಮನಿದ್ವಿ. ಈಗ ಲೆವೊಡೋಪಾ ಮಾತ್ರೆ ತಗೋತಿದಾರೆ, ನಡಿಗೆ ಚೆನ್ನಾಗಿ ಸುಧಾರಿಸಿದೆ, ಆದ್ರೆ ವಾಸನೆ ಮಾತ್ರ ಹಾಗೇ ಇದೆ. ಡೋಪಮಿನ್ ಕಡಿಮೆ ಆಗಿ ಬರೋ ಕಾಯಿಲೆ ಅಂತಾರಲ್ಲ, ಹಾಗಿದ್ರೆ ಡೋಪಮಿನ್ ಕೊಟ್ಟಾಗ ವಾಸನೆನೂ ಬರಬೇಕಿತ್ತಲ್ವಾ? ವಾಸನೆಗೆ ಮೆದುಳಲ್ಲಿ ಯಾವ ಕೆಮಿಕಲ್ ಕೆಲಸ ಮಾಡುತ್ತೆ, ಅದನ್ನ ಹೆಚ್ಚಿಸೋ ಸಪ್ಲಿಮೆಂಟ್ ಏನಾದ್ರೂ ಇದ್ಯಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಬಿಡ್ತೀನಿ. ಇಲ್ಲ, ಡೋಪಮಿನ್ ಹೆಚ್ಚಿಸಿದ್ರೆ ವಾಸನೆ ವಾಪಸ್ ಬರಲ್ಲ, ಯಾಕಂದ್ರೆ ವಾಸನೆಯ ದಾರಿಯಲ್ಲಿ ಮೆದುಳು ಶುರುವಾಗೋ ಮೊದಲ ಜಾಗದಲ್ಲೇ ಡೋಪಮಿನ್ ಮಾಡೋ ಕೆಲಸ ಸಿಗ್ನಲ್‌ಗೆ ಬ್ರೇಕ್ ಹಾಕೋದು. ನಡಿಗೆಗೆ ಬೇಕಾದ ಡೋಪಮಿನ್ ಬೇರೆ ಜಾಗದ್ದು, ವಾಸನೆ ದಾರಿಯ ಡೋಪಮಿನ್ ಬೇರೆ ಜಾಗದ್ದು. ಅಣು ಒಂದೇ, ಕೆಲಸ ಮಾತ್ರ ಬೇರೆ ಬೇರೆ. ಈ ಒಂದು ವಿಷಯ ಸರಿಯಾಗಿ ಅರ್ಥ ಆದ್ರೆ ಸಪ್ಲಿಮೆಂಟ್ ಬಗ್ಗೆ ನೀವು ಕೇಳಿರೋದಕ್ಕೂ ಉತ್ತರ ಅಲ್ಲೇ ಸಿಗುತ್ತೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಿದೀನಿ, ಸಾವಕಾಶವಾಗಿ ಓದಿ.

ಡೋಪಮಿನ್ ಅಂದ್ರೆ ಖುಷಿ, ಸಿರೊಟೋನಿನ್ ಅಂದ್ರೆ ನೆಮ್ಮದಿ, ಅಡ್ರಿನಲಿನ್ ಅಂದ್ರೆ ಗಾಬರಿ ಅನ್ನೋ ಥರದ ಪಟ್ಟಿಗಳು ಎಲ್ಲ ಕಡೆ ಓಡಾಡ್ತಿವೆ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ, ಯಾಕಂದ್ರೆ ಇಂಥ ಪಟ್ಟಿ ಓದಿದ ಮನೆಯವರು ಕಾಯಿಲೆಯವರಿಗೆ ಏನೇನೋ ಕೊಡೋಕೆ ಹೋಗ್ತಾರೆ. ನ್ಯೂರೋಟ್ರಾನ್ಸ್‌ಮಿಟರ್ ಅಂದ್ರೆ ಒಂದು ನರಕೋಶ ತನ್ನ ತುದಿಯಿಂದ ಬಿಡುಗಡೆ ಮಾಡೋ ಅಣು, ಅದು ಮಿಲಿಮೀಟರಿನ ಲಕ್ಷದ ಎರಡು ಭಾಗದಷ್ಟು, ಅಂದ್ರೆ ಸುಮಾರು 20 ನ್ಯಾನೋಮೀಟರ್ ಸಂದು ದಾಟಿ ಎದುರಿನ ಕೋಶದ ರಿಸೆಪ್ಟರ್‌ಗೆ, ಅಂದ್ರೆ ಆ ಅಣುವನ್ನ ಹಿಡಿಯೋ ಪ್ರೋಟೀನಿಗೆ ಅಂಟುತ್ತೆ, ಆಮೇಲೆ ಏನಾಗಬೇಕು ಅಂತ ತೀರ್ಮಾನ ಮಾಡೋದು ಆ ರಿಸೆಪ್ಟರ್, ಅಣು ಅಲ್ಲ. 1921ರಲ್ಲಿ ಓಟ್ಟೊ ಲೋವಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ನರಗಳು ಕೆಮಿಕಲ್ ಮೂಲಕ ಮಾತಾಡ್ತವೆ ಅಂತ ತೋರಿಸಿದ್ರಲ್ಲ, ಅಲ್ಲಿ ಸಿಕ್ಕಿದ್ದು ಅಸಿಟೈಲ್‌ಕೋಲಿನ್, ಅದು ಹೃದಯದ ಬಡಿತ ನಿಧಾನ ಮಾಡುತ್ತೆ. ಅದೇ ಅಸಿಟೈಲ್‌ಕೋಲಿನ್ ಕೈಕಾಲಿನ ಸ್ನಾಯುವಿಗೆ ಬಿದ್ರೆ ಸ್ನಾಯು ಸಂಕುಚಿತ ಆಗುತ್ತೆ. ರಿಸೆಪ್ಟರ್ ಬದಲಾದ್ರೆ ಪರಿಣಾಮನೇ ತಲೆಕೆಳಗು.

ಈಗ ಮೂಗಿಗೆ ಬರೋಣ. ಮೂಗಿನ ಒಳಗೆ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಎತ್ತರಕ್ಕೆ, ಒಂದು ಸಣ್ಣ ತೇಪೆಯಷ್ಟು ಜಾಗದಲ್ಲಿ ವಾಸನೆಯ ನರಕೋಶಗಳು ಇವೆ. ಒಂದೊಂದು ಕೋಶದಲ್ಲೂ ಸಾಮಾನ್ಯವಾಗಿ ಒಂದೇ ಥರದ ವಾಸನೆ ರಿಸೆಪ್ಟರ್ ಇರುತ್ತೆ, ಮನುಷ್ಯರಲ್ಲಿ ಇಂಥ ಸುಮಾರು 400 ಥರ, ಇಲಿಗಳಲ್ಲಿ ಸಾವಿರದ ಆಸುಪಾಸು. ಈ ರಿಸೆಪ್ಟರ್‌ಗಳ ಜೀನ್‌ಗಳನ್ನ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಕಂಡುಹಿಡಿದ್ರು, 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವಾಸನೆಯ ಅಣು ಬಂದು ಅಂಟಿದ ಕೂಡ್ಲೇ ಕೋಶದ ಒಳಗೆ ಸೈಕ್ಲಿಕ್ ಎಎಂಪಿ ಅನ್ನೋ ಅಣು ಜಾಸ್ತಿ ಆಗುತ್ತೆ, ಅದು ಕೋಶದ ಹೊದಿಕೆಯಲ್ಲಿ ಬಾಗಿಲಿನಂಥ ಒಂದು ಚಾನೆಲ್ ತೆರೆಯುತ್ತೆ, ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ ನುಗ್ಗುತ್ತೆ, ಆ ಕ್ಯಾಲ್ಸಿಯಂ ಇನ್ನೊಂದು ಚಾನೆಲ್ ತೆರೆದು ಕ್ಲೋರೈಡನ್ನ ಹೊರಗೆ ಬಿಡುತ್ತೆ. ಇಲ್ಲೊಂದು ಸ್ವಾರಸ್ಯ ಇದೆ ನೋಡಿ, ಮೆದುಳಿನ ಬಹುತೇಕ ಕೋಶಗಳಲ್ಲಿ ಕ್ಲೋರೈಡ್ ಚಾನೆಲ್ ತೆರೆದ್ರೆ ಕ್ಲೋರೈಡ್ ಒಳಗೆ ಬಂದು ಕೋಶ ಶಾಂತ ಆಗುತ್ತೆ, ಮೂಗಿನ ಕೋಶದಲ್ಲಿ ಮಾತ್ರ ಕ್ಲೋರೈಡ್ ಮೊದಲೇ ಒಳಗೆ ತುಂಬಿಕೊಂಡಿರೋದ್ರಿಂದ ಹೊರಗೆ ಹೋಗುತ್ತೆ, ಸಿಗ್ನಲ್ ಇನ್ನೂ ಜೋರಾಗುತ್ತೆ. ಇಲ್ಲಿ ತನಕ ನಡೆದಿದ್ದೆಲ್ಲ ಕೋಶದ ಒಳಗಿನ ವ್ಯವಹಾರ, ನ್ಯೂರೋಟ್ರಾನ್ಸ್‌ಮಿಟರ್ ಇನ್ನೂ ಬಂದಿಲ್ಲ.

ಈ ಕೋಶಗಳ ಬಾಲದಂಥ ತಂತುಗಳು ತಲೆಬುರುಡೆಯ ತಳದಲ್ಲಿ ಜರಡಿ ಥರ ತೂತು ಇರೋ ಮೂಳೆ ದಾಟಿ ಮೇಲಿರೋ ಆಲ್ಫ್ಯಾಕ್ಟರಿ ಬಲ್ಬ್ ಅನ್ನೋ ಭಾಗಕ್ಕೆ ಹೋಗ್ತವೆ. ಎಡಕ್ಕೊಂದು ಬಲಕ್ಕೊಂದು ಬಲ್ಬ್. ಅಲ್ಲಿ ಗ್ಲೋಮೆರುಲಸ್ ಅಂತ ಸಣ್ಣ ಸಣ್ಣ ದುಂಡನೆ ಗಂಟುಗಳಿವೆ, ಒಂದೇ ಥರದ ರಿಸೆಪ್ಟರ್ ಇರೋ ಕೋಶಗಳ ತಂತುಗಳೆಲ್ಲ ಎಲ್ಲೆಲ್ಲಿಂದಲೋ ಬಂದು ಒಂದೇ ಗಂಟಿಗೆ ಸೇರ್ತವೆ, ಇಲಿಯಲ್ಲಿ ನೋಡಿದ್ರೆ ಪ್ರತಿ ರಿಸೆಪ್ಟರ್‌ಗೆ ಒಂದು ಬಲ್ಬಿನಲ್ಲಿ ಸುಮಾರು ಎರಡು ಗಂಟು. ಆ ಗಂಟಿನೊಳಗೆ ಮೂಗಿನ ನರ ತನ್ನ ಕೆಮಿಕಲ್ ಬಿಡುಗಡೆ ಮಾಡುತ್ತೆ, ಎದುರಿಗೆ ಮೈಟ್ರಲ್ ಕೋಶ ಮತ್ತು ಟಫ್ಟೆಡ್ ಕೋಶಗಳು ಅದನ್ನ ತಗೊಂಡು ಮುಂದೆ ಕಳಿಸ್ತವೆ.

ಆ ಕೆಮಿಕಲ್ ಯಾವುದು ಅನ್ನೋದು ಬಹಳ ಕಾಲ ಚರ್ಚೆಯಲ್ಲಿತ್ತು. 1974ರಲ್ಲಿ ಫ್ರಾಂಕ್ ಮಾರ್ಗೊಲಿಸ್ ಮೂಗಿನ ನರದಲ್ಲಿ ಕಾರ್ನೊಸಿನ್ ಅನ್ನೋ ಚಿಕ್ಕ ಅಣು ಭಾರಿ ಪ್ರಮಾಣದಲ್ಲಿ ಇದೆ ಅಂತ ತೋರಿಸಿದ್ರು, ನರ ಕತ್ತರಿಸಿದ್ರೆ ಬಲ್ಬಿನಲ್ಲಿ ಅದು ಕಡಿಮೆನೂ ಆಗ್ತಿತ್ತು, ಹಾಗಾಗಿ ಇದೇ ಇರಬೇಕು ಅಂತ ತುಂಬ ಜನ ನಂಬಿದ್ರು. ಆದ್ರೆ ಒಂದು ಅಣು ಜಾಸ್ತಿ ಇದೆ ಅಂದ ಮಾತ್ರಕ್ಕೆ ಅದೇ ಸಂದೇಶ ಒಯ್ಯುತ್ತೆ ಅಂತ ಆಗಲ್ಲ. 1990ರ ದಶಕದಲ್ಲಿ ಬಲ್ಬಿನ ತೆಳು ಹೋಳುಗಳನ್ನ ಜೀವಂತ ಇಟ್ಕೊಂಡು, ಮೂಗಿನ ನರಕ್ಕೆ ಕರೆಂಟ್ ಕೊಟ್ಟು, ಮೈಟ್ರಲ್ ಕೋಶದಲ್ಲಿ ಏನಾಗುತ್ತೆ ಅಂತ ಅಳೆದು ನೋಡಿದಾಗ, ಕೋಶಗಳನ್ನ ಎಬ್ಬಿಸೋ ಗ್ಲುಟಮೇಟ್ ಅನ್ನೋ ಕೆಮಿಕಲ್‌ನ ರಿಸೆಪ್ಟರ್‌ಗಳನ್ನ ಮುಚ್ಚೋ ಔಷಧಿ ಹಾಕಿದ ತಕ್ಷಣ ಉತ್ತರವೇ ನಿಂತುಹೋಯ್ತು. ಅಲ್ಲಿಗೆ ಗ್ಲುಟಮೇಟ್ ಅನ್ನೋದು ಖಚಿತ ಆಯ್ತು. ಗ್ಲುಟಮೇಟ್ ಇಲ್ಲಿ ಮುಖ್ಯವಾಗಿ ಎರಡು ಥರದ ರಿಸೆಪ್ಟರ್ ಮೇಲೆ ಕೆಲಸ ಮಾಡುತ್ತೆ, ಆಂಪಾ ಅನ್ನೋದು ತಕ್ಷಣ ತೆರೆದು ತಕ್ಷಣ ಮುಚ್ಚುತ್ತೆ, ಎನ್‌ಎಂಡಿಎ ಅನ್ನೋದು ನಿಧಾನ, ಜೊತೆಗೆ ಅದರ ಬಾಯಿಗೆ ಮೆಗ್ನೀಸಿಯಂ ಅಡ್ಡ ಕೂತಿರುತ್ತೆ, ಎದುರಿನ ಕೋಶ ಆಗಲೇ ಸ್ವಲ್ಪ ಚುರುಕಾಗಿದ್ರೆ ಮಾತ್ರ ಆ ಮೆಗ್ನೀಸಿಯಂ ಸರಿಯುತ್ತೆ. ಈ ಎನ್‌ಎಂಡಿಎ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಇಲ್ಲೇ ನಿಮ್ಮ ಡೋಪಮಿನ್ ಪ್ರಶ್ನೆ ಬರೋದು. ಗ್ಲೋಮೆರುಲಸ್ ಸುತ್ತ ಪೆರಿಗ್ಲೋಮೆರುಲರ್ ಅಂತ ಪುಟ್ಟ ಕೋಶಗಳಿವೆ, ಅವುಗಳಲ್ಲಿ ಒಂದು ಗುಂಪು ಡೋಪಮಿನ್ ತಯಾರಿಸುತ್ತೆ, ಜೊತೆಗೆ ಕೋಶಗಳನ್ನ ತಣ್ಣಗಾಗಿಸೋ ಗಾಬಾ ಅನ್ನೋ ಕೆಮಿಕಲ್ ಕೂಡ ತಯಾರಿಸುತ್ತೆ. ಮೂಗಿನ ನರದ ತುದಿಯ ಮೇಲೇ ಡಿ2 ಅನ್ನೋ ಡೋಪಮಿನ್ ರಿಸೆಪ್ಟರ್ ಇದೆ, ಗಾಬಾ-ಬಿ ರಿಸೆಪ್ಟರ್ ಕೂಡ ಅಲ್ಲೇ ಇದೆ. ನರದ ತುದಿಯಿಂದ ಗ್ಲುಟಮೇಟ್ ಹೊರಗೆ ಬರಬೇಕಂದ್ರೆ ಮೊದಲು ಕ್ಯಾಲ್ಸಿಯಂ ಒಳಗೆ ಬರಬೇಕು, ಡೋಪಮಿನ್ ಬಂದು ಡಿ2ಗೆ ಅಂಟಿದಾಗ ಆ ಕ್ಯಾಲ್ಸಿಯಂ ಬರೋ ದಾರಿ ಕಿರಿದಾಗುತ್ತೆ, ಗ್ಲುಟಮೇಟ್ ಬಿಡುಗಡೆ ಕಡಿಮೆ ಆಗುತ್ತೆ, ಮೈಟ್ರಲ್ ಕೋಶಕ್ಕೆ ಹೋಗೋ ಸಿಗ್ನಲ್ ತಗ್ಗುತ್ತೆ. ಅಂದ್ರೆ ಮೂಗಿನಿಂದ ಬಂದ ಸಂದೇಶ ಮೆದುಳಿಗೆ ದಾಟೋ ಮೊದಲ ಸಂದಿನಲ್ಲೇ ಬ್ರೇಕ್ ಇದೆ. ಇದು ತೊಂದರೆ ಕೊಡೋಕೆ ಇರೋ ಬ್ರೇಕ್ ಅಲ್ಲ. ಮೂಗಿನ ನರದ ತುದಿ ಬಹಳ ಧಾರಾಳವಾಗಿ ಗ್ಲುಟಮೇಟ್ ಸುರಿಯುತ್ತೆ, ಬ್ರೇಕ್ ಇಲ್ದಿದ್ರೆ ಸ್ವಲ್ಪ ಗಾಢ ವಾಸನೆ ಬಂದ್ರೂ ಎಲ್ಲ ಮೈಟ್ರಲ್ ಕೋಶಗಳೂ ಗರಿಷ್ಠ ಮಟ್ಟಕ್ಕೆ ಹೋಗಿ ಇದು ಜಾಸ್ತಿ ಅದು ಕಡಿಮೆ ಅನ್ನೋ ವ್ಯತ್ಯಾಸವೇ ಉಳಿಯಲ್ಲ. ಹೂವಿನ ಸಣ್ಣ ಪರಿಮಳವನ್ನೂ ಹಿಡೀಬೇಕು, ಕಣ್ಣಲ್ಲಿ ನೀರು ಬರಿಸೋ ಹೊಗೆಯಲ್ಲೂ ಇದು ಯಾವುದರ ಹೊಗೆ ಅಂತ ಗುರುತಿಸಬೇಕು ಅಂದ್ರೆ ಹೊಂದಾಣಿಕೆ ಬೇಕೇ ಬೇಕು.

ಈ ಹೊಂದಾಣಿಕೆ ಎಷ್ಟು ಚೆನ್ನಾಗಿ ನಡೆಯುತ್ತೆ ಅನ್ನೋದಕ್ಕೆ ಒಂದು ಪ್ರಯೋಗ ಹೇಳಲೇಬೇಕು. ಇಲಿಯ ಒಂದು ಮೂಗಿನ ಹೊಳ್ಳೆ ಮುಚ್ಚಿಬಿಟ್ರೆ ಕೆಲವು ವಾರದಲ್ಲಿ ಆ ಕಡೆಯ ಬಲ್ಬಿನಲ್ಲಿ ಡೋಪಮಿನ್ ತಯಾರಿಸೋ ಟೈರೊಸಿನ್ ಹೈಡ್ರಾಕ್ಸಿಲೇಸ್ ಅನ್ನೋ ಎನ್ಜೈಮ್ ತೀರಾ ಕಡಿಮೆ ಆಗುತ್ತೆ. ಹ್ಯಾರಿಯೆಟ್ ಬೇಕರ್ ಮತ್ತು ಜೊತೆಗಾರರು ಇದನ್ನ 1980ರ ದಶಕದಿಂದ ಬಿಡಿಸಿ ಬಿಡಿಸಿ ನೋಡಿದಾರೆ. ಕೋಶಗಳು ಸತ್ತಿರಲ್ಲ, ಅಲ್ಲೇ ಇರ್ತವೆ, ಗಾಬಾ ತಯಾರಿನೂ ನಡೀತಿರುತ್ತೆ, ಡೋಪಮಿನ್ ಮಾತ್ರ ನಿಲ್ಲಿಸಿರ್ತವೆ. ಹೊಳ್ಳೆ ತೆರೆದು ವಾಸನೆ ಬರೋಕೆ ಶುರುವಾದ್ರೆ ಮತ್ತೆ ಡೋಪಮಿನ್ ತಯಾರಿ ಶುರು. ಅಂದ್ರೆ ಸಿಗ್ನಲ್ ಬರದೇ ಇದ್ದಾಗ ಮೆದುಳು ತಾನಾಗೇ ಬ್ರೇಕ್ ಸಡಿಲ ಮಾಡುತ್ತೆ, ಬರೋ ಅಲ್ಪಸ್ವಲ್ಪವೂ ತಪ್ಪಿಹೋಗಬಾರದು ಅಂತ. ಇಂಥ ಕಡೆ ಹೊರಗಿಂದ ಡೋಪಮಿನ್ ಸುರಿದ್ರೆ ಏನಾಗುತ್ತೆ ಅಂತ ನೀವೇ ಯೋಚಿಸಿ, ವಾಸನೆ ಹೆಚ್ಚೋಕೆ ಅಲ್ಲಿ ಕಾರಣವೇ ಇಲ್ಲ.

ಗಾಬಾ ಬಗ್ಗೆನೂ ಹೇಳ್ತೀನಿ, ಯಾಕಂದ್ರೆ ವಾಸನೆಯ ದಾರಿಯಲ್ಲಿ ಗ್ಲುಟಮೇಟ್ ಎಷ್ಟು ಮುಖ್ಯವೋ ಗಾಬಾ ಅಷ್ಟೇ ಮುಖ್ಯ. ಎರಡರ ಸಂಬಂಧ ನೋಡಿದ್ರೆ ಆಶ್ಚರ್ಯ ಆಗುತ್ತೆ, ಗ್ಲುಟಮೇಟ್ ಅಣುವಿನ ಒಂದು ತುದಿಯಿಂದ ಒಂದು ಇಂಗಾಲದ ಡೈಆಕ್ಸೈಡ್ ತೆಗೆದ್ರೆ ಗಾಬಾ ಆಗುತ್ತೆ, ಅಷ್ಟೇ. ಕೋಶಗಳನ್ನ ಎಬ್ಬಿಸೋ ಪ್ರಮುಖ ಕೆಮಿಕಲ್‌ನಿಂದ ಒಂದೇ ಹೆಜ್ಜೆಯಲ್ಲಿ ಅವುಗಳನ್ನ ತಣ್ಣಗಾಗಿಸೋ ಪ್ರಮುಖ ಕೆಮಿಕಲ್. ಆ ಹೆಜ್ಜೆ ಹಾಕಿಸೋ ಎನ್ಜೈಮಿಗೆ ವಿಟಮಿನ್ ಬಿ6 ಬೇಕು.

ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಬಲ್ಬಿನ ಒಳಪದರದಲ್ಲಿದೆ. ಅಲ್ಲಿ ಗ್ರಾನ್ಯೂಲ್ ಕೋಶಗಳಿವೆ, ಒಂದೊಂದು ಮೈಟ್ರಲ್ ಕೋಶಕ್ಕೆ ಹತ್ತಾರು ಗ್ರಾನ್ಯೂಲ್ ಕೋಶಗಳ ಲೆಕ್ಕ ಬೀಳುತ್ತೆ. ಈ ಗ್ರಾನ್ಯೂಲ್ ಕೋಶಗಳಿಗೆ ಆಕ್ಸಾನ್ ಇಲ್ಲ, ಅಂದ್ರೆ ಸಂದೇಶ ಹೊರಗೆ ಕಳಿಸೋ ಉದ್ದನೆ ತಂತುವೇ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಗಾಲ್ಗಿ ಮತ್ತು ಕಾಹಾಲ್ ಇಬ್ಬರೂ ಈ ಬಲ್ಬನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆದಿದ್ರು, ಡೆಂಡ್ರೈಟ್ ಅನ್ನೋ ಕವಲು ಸಂದೇಶ ಪಡೆಯುತ್ತೆ ಆಕ್ಸಾನ್ ಕಳಿಸುತ್ತೆ ಅನ್ನೋ ನಿಯಮ ಗಟ್ಟಿಯಾದ ಮೇಲೆ ಆಕ್ಸಾನ್ ಇಲ್ಲದ ಈ ಕೋಶ ಏನು ಮಾಡ್ತಿರುತ್ತೆ ಅನ್ನೋದು ಹಾಗೇ ಉಳ್ಕೊಂಡಿತ್ತು. 1966ರಲ್ಲಿ ವಿಲ್ಫ್ರಿಡ್ ರಾಲ್, ಗೋರ್ಡನ್ ಶೆಫರ್ಡ್, ಥಾಮಸ್ ರೀಸ್, ಮಿಲ್ಟನ್ ಬ್ರೈಟ್‌ಮನ್ ಸೇರಿ ಉತ್ತರ ಕೊಟ್ರು. ರಾಲ್ ಮತ್ತು ಶೆಫರ್ಡ್ ಗಣಿತದ ಲೆಕ್ಕದಿಂದ ಹೀಗಿರಬೇಕು ಅಂತ ಅಂದಾಜು ಮಾಡಿದ್ರು, ರೀಸ್ ಮತ್ತು ಬ್ರೈಟ್‌ಮನ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಅದನ್ನೇ ಕಂಡಿದ್ರು. ಮೈಟ್ರಲ್ ಕೋಶದ ಡೆಂಡ್ರೈಟು ಗ್ರಾನ್ಯೂಲ್ ಕೋಶದ ಡೆಂಡ್ರೈಟಿಗೆ ಗ್ಲುಟಮೇಟ್ ಕೊಡುತ್ತೆ, ಪಕ್ಕದಲ್ಲೇ, ಅದೇ ಮುಳ್ಳಿನಂಥ ಪುಟ್ಟ ಉಬ್ಬಿನಿಂದ, ಗ್ರಾನ್ಯೂಲ್ ಕೋಶ ಮೈಟ್ರಲ್ ಕೋಶಕ್ಕೆ ಗಾಬಾ ವಾಪಸ್ ಕೊಡುತ್ತೆ. ಹೋಗೋದೂ ಬರೋದೂ ಒಂದೇ ಜಾಗದಲ್ಲಿ.

ಇದರಿಂದ ಆಗೋದು ಏನು? ಜೋರಾಗಿ ಚುರುಕಾದ ಮೈಟ್ರಲ್ ಕೋಶ ಗ್ರಾನ್ಯೂಲ್ ಮೂಲಕ ತನ್ನನ್ನೂ ಸ್ವಲ್ಪ ತಗ್ಗಿಸಿಕೊಳ್ಳುತ್ತೆ, ಅಕ್ಕಪಕ್ಕದ ಮೈಟ್ರಲ್ ಕೋಶಗಳನ್ನೂ ತಗ್ಗಿಸುತ್ತೆ. ಹತ್ತಿರ ಹತ್ತಿರದ ಎರಡು ವಾಸನೆಗಳ ನಡುವಿನ ವ್ಯತ್ಯಾಸ ಹೀಗೆ ಎದ್ದು ಕಾಣೋ ಹಾಗೆ ಆಗುತ್ತೆ. ಇಲ್ಲಿ ಎನ್‌ಎಂಡಿಎ ಬರೋದು, ಬೇರೆ ಕಡೆ ಎನ್‌ಎಂಡಿಎ ಸಹಾಯಕನ ಥರ ಇದ್ರೆ ಈ ಉಬ್ಬಿನಲ್ಲಿ ಗಾಬಾ ಬಿಡುಗಡೆಗೆ ಎನ್‌ಎಂಡಿಎ ಮೂಲಕ ಬರೋ ಕ್ಯಾಲ್ಸಿಯಂ ಬಹಳ ಮುಖ್ಯ, ಅದನ್ನ ಮುಚ್ಚಿದ್ರೆ ವಾಪಸ್ ಬರೋ ಗಾಬಾ ತುಂಬ ಕುಗ್ಗುತ್ತೆ ಅಂತ 1998ರ ಸುಮಾರಿಗೆ ಪ್ರಯೋಗಗಳಲ್ಲಿ ಗೊತ್ತಾಯ್ತು. ಇದೇ ಗ್ಲುಟಮೇಟ್-ಗಾಬಾ ಕೊಡುಕೊಳ್ಳುವಿಕೆಯಿಂದ ಇಡೀ ಬಲ್ಬಿನಲ್ಲಿ ಸೆಕೆಂಡಿಗೆ ಸುಮಾರು 40ರಿಂದ 100 ಸಲ ಏರಿಳಿಯೋ ಅಲೆಗಳು ಏಳ್ತವೆ. ಇಂಥ ಅಲೆಗಳನ್ನ ಎಡ್ಗರ್ ಏಡ್ರಿಯನ್ 1942ರಲ್ಲೇ ಮೈಮೇಲೆ ಮುಳ್ಳಿರೋ ಪುಟ್ಟ ಹೆಡ್ಜ್‌ಹಾಗ್ ಪ್ರಾಣಿಯಲ್ಲಿ ರೆಕಾರ್ಡ್ ಮಾಡಿದ್ರು, ಯಾವ ಕೆಮಿಕಲ್ಲಿಂದ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆಂಪಾ, ಎನ್‌ಎಂಡಿಎ ಅನ್ನೋ ಹೆಸರುಗಳು ಬರೋಕೆ ಇನ್ನೂ ಹತ್ತಾರು ವರ್ಷ ಬೇಕಿತ್ತು.

ಇಷ್ಟು ಹೊತ್ತು ಹೇಳಿದ್ದು ಮಿಲಿಸೆಕೆಂಡ್ ಲೆಕ್ಕದಲ್ಲಿ ನಡೆಯೋ ಕೆಲಸ. ಇನ್ನೊಂದು ಥರದ ಕೆಮಿಕಲ್‌ಗಳು ಮೆದುಳಿನ ಬೇರೆ ಭಾಗದಿಂದ ಬಲ್ಬಿಗೆ ಬರ್ತವೆ, ನಿಧಾನವಾಗಿ ಕೆಲಸ ಮಾಡ್ತವೆ. ಮೆದುಳುಕಾಂಡದ ಲೋಕಸ್ ಸೆರುಲಿಯಸ್‌ನಿಂದ ನಾರ್‌ಅಡ್ರಿನಲಿನ್, ರಾಫೆ ಕೇಂದ್ರಗಳಿಂದ ಸಿರೊಟೋನಿನ್, ಮೆದುಳಿನ ಮುಂಭಾಗದ ತಳದಿಂದ ಅಸಿಟೈಲ್‌ಕೋಲಿನ್. ಇವು ವಾಸನೆಯ ಮಾಹಿತಿ ತರಲ್ಲ, ನೀವು ಎಚ್ಚರವಾಗಿದ್ದೀರಾ, ಗಮನ ಕೊಡ್ತಿದ್ದೀರಾ, ಈಗ ಕಲಿಯೋ ಹೊತ್ತಾ ಅನ್ನೋದನ್ನ ಬಲ್ಬಿಗೆ ತಿಳಿಸ್ತವೆ. ಇದಕ್ಕೆ ಕುರಿಗಳ ಉದಾಹರಣೆ ನೋಡಿ. ಕುರಿ ಮರಿ ಹಾಕಿದ ಮೊದಲ ಒಂದೆರಡು ಗಂಟೆಯಲ್ಲಿ ತನ್ನ ಮರಿಯ ವಾಸನೆ ಕಲಿತುಬಿಡುತ್ತೆ, ಆಮೇಲೆ ಬೇರೆ ಮರಿ ಹಾಲಿಗೆ ಬಂದ್ರೆ ಒದ್ದು ಓಡಿಸುತ್ತೆ. ಹೆರಿಗೆಯ ಹೊತ್ತಲ್ಲಿ ಬಲ್ಬಿನಲ್ಲಿ ನಾರ್‌ಅಡ್ರಿನಲಿನ್ ಏರುತ್ತೆ, ಹೆರಿಗೆಯ ಹೊತ್ತಿನ ಹಾರ್ಮೋನ್ ಆಕ್ಸಿಟೋಸಿನ್ ಅದಕ್ಕೆ ನೆರವಾಗುತ್ತೆ. ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 1992ರಲ್ಲಿ ಬಲ್ಬಿನೊಳಗಿಂದಲೇ ಸ್ಯಾಂಪಲ್ ತೆಗೆದು ತೋರಿಸಿದ್ದು ಏನಂದ್ರೆ, ಮರಿ ಹಾಕೋಕೆ ಮೊದಲು ಮರಿಯ ವಾಸನೆಗೆ ಹೆಚ್ಚು ಸ್ಪಂದಿಸದ ಬಲ್ಬು ಮರಿ ಹಾಕಿದ ಮೇಲೆ ಅದಕ್ಕೆ ಜೋರಾಗಿ ಸ್ಪಂದಿಸುತ್ತೆ, ತನ್ನ ಮರಿಯ ವಾಸನೆಗೆ ಗ್ಲುಟಮೇಟ್ ಮತ್ತು ಗಾಬಾ ಎರಡೂ ಏರ್ತವೆ. ವಾಸನೆ ಅದೇ, ಮೂಗು ಅದೇ, ತಾಯಿಯ ಮೆದುಳಿನ ಸ್ಥಿತಿ ಬದಲಾಗಿದೆ.

ಹಸಿವಿಗೂ ಹೀಗೇ ಒಂದು ದಾರಿ ಇದೆ. ಹಸಿದಾಗ ವಾಸನೆ ಚುರುಕಾಗೋದು ನಿಮ್ಮ ಅನುಭವಕ್ಕೂ ಬಂದಿರುತ್ತೆ. 2014ರಲ್ಲಿ ಉಪವಾಸ ಇಟ್ಟ ಇಲಿಗಳಲ್ಲಿ ನೋಡಿದಾಗ, ದೇಹವೇ ತಯಾರಿಸೋ ಕ್ಯಾನಬಿನಾಯ್ಡ್ ಅಣುಗಳು ಕಾರ್ಟೆಕ್ಸಿನಿಂದ, ಅಂದ್ರೆ ಮೆದುಳಿನ ಹೊರಪದರದಿಂದ, ಗ್ರಾನ್ಯೂಲ್ ಕೋಶಗಳಿಗೆ ಬರೋ ಗ್ಲುಟಮೇಟನ್ನ ತಗ್ಗಿಸ್ತವೆ ಅಂತ ಗೊತ್ತಾಯ್ತು. ಗ್ರಾನ್ಯೂಲ್ ಸುಮ್ಮನಾದ್ರೆ ಗಾಬಾ ಕಡಿಮೆ, ಗಾಬಾ ಕಡಿಮೆ ಆದ್ರೆ ಮೈಟ್ರಲ್ ಕೋಶ ಚುರುಕು. ಇಲ್ಲಿ ಗ್ಲುಟಮೇಟ್ ಕಡಿಮೆ ಆಗಿದ್ದರಿಂದ ವಾಸನೆ ಹೆಚ್ಚಾಯ್ತು ನೋಡಿ! ಎಬ್ಬಿಸೋ ಕೆಮಿಕಲ್ ಜಾಸ್ತಿ ಮಾಡಿದ್ರೆ ವಾಸನೆ ಜಾಸ್ತಿ ಆಗುತ್ತೆ ಅನ್ನೋ ಲೆಕ್ಕ ಇಲ್ಲಿ ಪೂರ್ತಿ ಉಲ್ಟಾ.

ಕೀಟಗಳ ಕಡೆ ನೋಡಿದ್ರೆ ಇನ್ನೂ ಸ್ಪಷ್ಟ ಆಗುತ್ತೆ. ಹಣ್ಣುನೊಣದ ಮೀಸೆಯಲ್ಲಿರೋ ವಾಸನೆ ನರಗಳು ಗ್ಲುಟಮೇಟ್ ಬಳಸಲ್ಲ, ಅಸಿಟೈಲ್‌ಕೋಲಿನ್ ಬಳಸ್ತವೆ, ಅದರ ಮೆದುಳಿನ ಮೊದಲ ವಾಸನೆ ಕೇಂದ್ರದಲ್ಲಿ ಗ್ಲುಟಮೇಟ್ ಇದ್ದರೂ ಅದು ಕೋಶಗಳನ್ನ ತಣ್ಣಗಾಗಿಸೋ ಕೆಲಸ ಮಾಡುತ್ತೆ. ವಿನ್ಯಾಸ ಮಾತ್ರ ನಮ್ಮದರ ಹಾಗೇ, ಒಂದೇ ಥರದ ರಿಸೆಪ್ಟರ್‌ನ ತಂತುಗಳು ಒಂದೇ ಗ್ಲೋಮೆರುಲಸ್‌ಗೆ ಸೇರೋದು ಅಲ್ಲೂ ಇದೆ.

ಬಲ್ಬಿನಿಂದ ಮುಂದಿನ ದಾರಿ ಬೇಗ ಹೇಳ್ತೀನಿ. ಮೈಟ್ರಲ್ ಮತ್ತು ಟಫ್ಟೆಡ್ ಕೋಶಗಳು ಮತ್ತೆ ಗ್ಲುಟಮೇಟ್ ಮೂಲಕವೇ ಪಿರಿಫಾರ್ಮ್ ಕಾರ್ಟೆಕ್ಸ್, ಭಾವನೆಗೆ ಸಂಬಂಧಪಟ್ಟ ಅಮಿಗ್ಡಲಾ, ನೆನಪಿಗೆ ಸಂಬಂಧಪಟ್ಟ ಎಂಟೊರೈನಲ್ ಕಾರ್ಟೆಕ್ಸ್, ಆಲ್ಫ್ಯಾಕ್ಟರಿ ಟ್ಯೂಬರ್ಕಲ್ ಇವುಗಳಿಗೆ ಸಂದೇಶ ಕಳಿಸ್ತವೆ. ನೋಟ, ಶಬ್ದ, ಸ್ಪರ್ಶ ಇವೆಲ್ಲ ಮೊದಲು ಮೆದುಳಿನ ಮಧ್ಯದ ಥಲಾಮಸ್ ಅನ್ನೋ ಕೇಂದ್ರಕ್ಕೆ ಹೋಗಿ ಆಮೇಲೆ ಕಾರ್ಟೆಕ್ಸಿಗೆ ಹೋಗ್ತವೆ, ವಾಸನೆಗೆ ಆ ಸುತ್ತು ಇಲ್ಲ, ನೇರವಾಗಿ ಹೋಗುತ್ತೆ. ಇದರಲ್ಲಿ ಟ್ಯೂಬರ್ಕಲ್ ಅನ್ನೋ ಭಾಗಕ್ಕೆ ಮಿಡ್‌ಬ್ರೈನಿನಿಂದ ಡೋಪಮಿನ್ ಚೆನ್ನಾಗಿ ಬರುತ್ತೆ, ಇಲ್ಲಿ ಡೋಪಮಿನ್ ಕೆಲಸ ಬ್ರೇಕ್ ಅಲ್ಲ, ಈ ವಾಸನೆಯ ಕಡೆಗೆ ಹೋಗಬೇಕಾ, ಇದರಿಂದ ಒಳ್ಳೇದಿದೆಯಾ ಅನ್ನೋ ಪ್ರೇರಣೆಗೆ ಸಂಬಂಧಪಟ್ಟದ್ದು. ಒಂದೇ ಇಂದ್ರಿಯದ ದಾರಿಯಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ, ಒಂದೇ ಅಣುವಿಗೆ ಎರಡು ಬೇರೆ ಕೆಲಸ.

ಹಾಗಿದ್ರೆ ನಿಮ್ಮ ತಂದೆಗೆ ಏನಾಗಿದೆ? ಪಾರ್ಕಿನ್ಸನ್‌ನಲ್ಲಿ ನಡಿಗೆ ಕೆಡೋದು ಮಿಡ್‌ಬ್ರೈನಿನ ಸಬ್‌ಸ್ಟಾನ್ಶಿಯಾ ನೈಗ್ರಾ ಅನ್ನೋ ಜಾಗದ ಡೋಪಮಿನ್ ಕೋಶಗಳು ಸಾಯೋದ್ರಿಂದ. ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮಿನ್ ಆಗಿ ಆ ಕೊರತೆ ತುಂಬುತ್ತೆ, ನಡಿಗೆ ಸುಧಾರಿಸುತ್ತೆ, ನಿಮ್ಮ ತಂದೆಯಲ್ಲಿ ಆಗಿದ್ದೂ ಅದೇ. ಆದ್ರೆ ಕಾಯಿಲೆ ಅಂದ್ರೆ ಬರೀ ಡೋಪಮಿನ್ ಕೊರತೆ ಅಲ್ಲ. ಆಲ್ಫಾ-ಸೈನ್ಯೂಕ್ಲೀನ್ ಅನ್ನೋ ಪ್ರೋಟೀನ್ ಕೋಶಗಳ ಒಳಗೆ ಮುದ್ದೆಗಟ್ಟುತ್ತೆ. ಹೈಕೊ ಬ್ರಾಕ್ ಮತ್ತು ಜೊತೆಗಾರರು 2003ರಲ್ಲಿ ತೀರಿಕೊಂಡವರ ಮೆದುಳುಗಳನ್ನ ಪರೀಕ್ಷಿಸಿ ಬರೆದ ಪ್ರಕಾರ ಈ ಮುದ್ದೆಗಳು ಬಹಳಷ್ಟು ಜನರಲ್ಲಿ ಮೊದಲು ಕಾಣಿಸೋದು ಆಲ್ಫ್ಯಾಕ್ಟರಿ ಬಲ್ಬ್, ಅದರ ಹಿಂದೇ ಇರೋ ಆಂಟೀರಿಯರ್ ಆಲ್ಫ್ಯಾಕ್ಟರಿ ನ್ಯೂಕ್ಲಿಯಸ್, ಮತ್ತೆ ಮೆದುಳುಕಾಂಡದ ಕೆಳಭಾಗದಲ್ಲಿ, ನೈಗ್ರಾಕ್ಕೆ ಆಮೇಲೆ ಬರುತ್ತೆ. ವಾಸನೆ ಮೊದಲು ಹೋಗಿ ನಡುಕ ಎಷ್ಟೋ ವರ್ಷ ಆದ್ಮೇಲೆ ಬಂತು ಅಂತ ನೀವು ಹೇಳಿದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ.

ಇನ್ನು ಬಲ್ಬಿನ ಡೋಪಮಿನ್ ಕೋಶಗಳು ಕಾಯಿಲೆಯಲ್ಲಿ ಏನಾಗಿರ್ತವೆ ಅಂತ ನೋಡಿದವರಿದಾರೆ. 2004ರಲ್ಲಿ ನೆದರ್ಲೆಂಡ್ಸಿನ ಒಂದು ತಂಡ ಎಣಿಸಿ ನೋಡಿದಾಗ ಪಾರ್ಕಿನ್ಸನ್ ಇದ್ದವರ ಬಲ್ಬಿನಲ್ಲಿ ಡೋಪಮಿನ್ ಕೋಶಗಳು ಕಡಿಮೆ ಇರೋ ಬದಲು ಹೆಚ್ಚು ಕಂಡವು, ಸರಿಸುಮಾರು ಎರಡರಷ್ಟು. ಆಮೇಲಿನ ಅಧ್ಯಯನಗಳಲ್ಲಿ ಅಂಕಿಅಂಶ ಒಂದೇ ಥರ ಬಂದಿಲ್ಲ, ಹಾಗಾಗಿ ಬ್ರೇಕ್ ಹೆಚ್ಚಾಗಿದ್ದರಿಂದಲೇ ವಾಸನೆ ಹೋಯ್ತು ಅಂತ ನಾನು ಹೇಳಲ್ಲ. ಲೆವೊಡೋಪಾ ಶುರು ಮಾಡಿದ್ರೂ ವಾಸನೆ ಪರೀಕ್ಷೆಯ ಅಂಕಗಳು ಏರಲ್ಲ ಅನ್ನೋದು ಮಾತ್ರ ವೈದ್ಯರು ಮತ್ತೆ ಮತ್ತೆ ನೋಡಿರೋ ವಿಷಯ. ವಾಸನೆಯ ದಾರಿಯಲ್ಲಿ ಮುದ್ದೆಗಳಿಂದ ಗ್ಲುಟಮೇಟ್ ಬಳಸೋ ಕೋಶಗಳಿಗೂ ಪೆಟ್ಟು ಬಿದ್ದಿರುತ್ತೆ, ಅಸಿಟೈಲ್‌ಕೋಲಿನ್ ಕಳಿಸೋ ಮುಂಭಾಗದ ಕೋಶಗಳಿಗೂ, ನಾರ್‌ಅಡ್ರಿನಲಿನ್ ಕಳಿಸೋ ಲೋಕಸ್ ಸೆರುಲಿಯಸ್‌ಗೂ ಬಿದ್ದಿರುತ್ತೆ. ಒಂದು ಕೆಮಿಕಲ್ ತುಂಬಿಸಿ ಸರಿ ಮಾಡೋ ಹಾನಿ ಅಲ್ಲ ಅದು.

ಸಪ್ಲಿಮೆಂಟ್ ವಿಷಯ ಕೇಳಿದ್ರಿ, ಇಲ್ಲಿ ದಯವಿಟ್ಟು ಗಮನ ಕೊಡಿ. ಗ್ಲುಟಮೇಟ್ ಬಾಯಲ್ಲಿ ತಗೊಂಡ್ರೆ ರಕ್ತದಿಂದ ಮೆದುಳಿಗೆ ಹೋಗೋದು ತೀರಾ ಅಲ್ಪ, ರಕ್ತ ಮತ್ತು ಮೆದುಳಿನ ನಡುವಿನ ತಡೆ ಅದನ್ನ ಬಿಡಲ್ಲ, ಮೆದುಳು ತನಗೆ ಬೇಕಾದ್ದನ್ನ ತಾನೇ ತಯಾರಿಸಿಕೊಳ್ಳುತ್ತೆ. ಗಾಬಾ ಮಾತ್ರೆಗಳ ಕಥೆನೂ ಹೆಚ್ಚುಕಡಿಮೆ ಅದೇ. ನಸುಗುನ್ನಿ ಬೀಜದ ಪುಡಿಯಲ್ಲಿ ನಿಜವಾಗಲೂ ಲೆವೊಡೋಪಾ ಇದೆ, ಅದಕ್ಕೇ ಅದು ಅಪಾಯ, ನಿಮ್ಮ ತಂದೆ ಈಗಾಗಲೇ ಅಳತೆ ಮಾಡಿ ಕೊಟ್ಟ ಲೆವೊಡೋಪಾ ತಗೋತಿದಾರೆ, ಮೇಲಿಂದ ಅಳತೆ ಗೊತ್ತಿಲ್ಲದ ಲೆವೊಡೋಪಾ ಸೇರಿದ್ರೆ ವಾಂತಿ, ರಕ್ತದೊತ್ತಡ ಕುಸಿತ, ತಾನಾಗೇ ಕೈಕಾಲು ಆಡೋದು, ಇಲ್ಲದ್ದು ಕಾಣೋದು ಎಲ್ಲ ಆಗಬಹುದು, ವಾಸನೆ ಮಾತ್ರ ಬರಲ್ಲ. ಬಿ6 ಕೂಡ ವೈದ್ಯರನ್ನ ಕೇಳದೆ ದೊಡ್ಡ ಡೋಸ್ ಬೇಡ, ದೀರ್ಘಕಾಲ ಹೆಚ್ಚು ತಗೊಂಡ್ರೆ ಕೈಕಾಲಿನ ನರಗಳಿಗೇ ಹಾನಿ.

ಜಿಂಕ್ ಬಗ್ಗೆ ಎಲ್ಲರೂ ಸಲಹೆ ಕೊಡ್ತಾರೆ, ಅದರಲ್ಲೂ ಮೂಗಿಗೆ ಹಾಕೋ ಜಿಂಕ್ ಸ್ಪ್ರೇ, ಜೆಲ್ ಮುಟ್ಟಲೇಬೇಡಿ. 1937ರಲ್ಲಿ ಟೊರೊಂಟೊದಲ್ಲಿ ಪೋಲಿಯೊ ತಡೆಯೋಕೆ ಅಂತ ಮಕ್ಕಳ ಮೂಗಿಗೆ ಜಿಂಕ್ ಸಲ್ಫೇಟ್ ಸಿಂಪಡಿಸಿದ್ರು, ಪೋಲಿಯೊ ತಡೆಯಲಿಲ್ಲ, ಕೆಲವು ಮಕ್ಕಳ ವಾಸನೆ ಶಕ್ತಿ ಹೋಯ್ತು. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶೀತಕ್ಕೆ ಅಂತ ಮೂಗಿಗೆ ಹಾಕ್ತಿದ್ದ ಕೆಲವು ಜಿಂಕ್ ಉತ್ಪನ್ನ ಬಳಸಬೇಡಿ ಅಂತ ಇದೇ ಕಾರಣಕ್ಕೆ ಎಚ್ಚರಿಕೆ ಕೊಟ್ಟಿತ್ತು.

ಮಾಡಬಹುದಾದ್ದು ಇದೆ. ವಾಸನೆಯ ತರಬೇತಿ ಅಂತ ಒಂದು ವಿಧಾನ, 2009ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹುಮ್ಮೆಲ್ ಮತ್ತು ತಂಡ ಪರೀಕ್ಷಿಸಿ ಬರೆದಿದ್ದು, ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಈ ನಾಲ್ಕು ವಾಸನೆಗಳನ್ನ ದಿನಕ್ಕೆ ಎರಡು ಸಲ, ಒಂದೊಂದನ್ನ ಸುಮಾರು ಹತ್ತು ಸೆಕೆಂಡ್, ಗಮನ ಕೊಟ್ಟು ಮೂಸೋದು, ಕನಿಷ್ಠ 12 ವಾರ. ಪಾರ್ಕಿನ್ಸನ್ ಇರೋರ ಮೇಲೂ ಇದನ್ನ ಮಾಡಿ ನೋಡಿದಾಗ ಸ್ವಲ್ಪ ಮಟ್ಟಿನ ಸುಧಾರಣೆ ಕಂಡಿದೆ. ಪೂರ್ತಿ ವಾಪಸ್ ಬರುತ್ತೆ ಅಂತ ಆಸೆ ಇಟ್ಕೋಬೇಡಿ, ಆದ್ರೆ ಇದರಿಂದ ಹಾನಿ ಇಲ್ಲ, ಅವರಿಗೆ ಮನಸ್ಸಿದ್ರೆ ನೀವೂ ಜೊತೆ ಕೂತು ಮಾಡಿಸಿ. ಸೈನಸ್ ತೊಂದರೆಯೂ ಜೊತೆಗಿರಬಹುದು, ಒಮ್ಮೆ ಇಎನ್‌ಟಿ ವೈದ್ಯರಿಗೆ ತೋರಿಸಿ, ಮೂಗಿನೊಳಗೆ ಪಾಲಿಪ್ ಏನಾದ್ರೂ ಇದ್ರೆ ಅದಕ್ಕೆ ಚಿಕಿತ್ಸೆ ಇದೆ.

ಇದನ್ನ ಓದೋ ಬೇರೆಯವರು, ನನಗೂ ವಾಸನೆ ಕಡಿಮೆ ಆಗಿದೆ, ನನಗೂ ಪಾರ್ಕಿನ್ಸನ್ ಬರುತ್ತಾ ಅಂತ ಗಾಬರಿ ಆಗೋದು ಬೇಡ. ವಾಸನೆ ಕಡಿಮೆ ಆಗೋಕೆ ವಯಸ್ಸು, ವೈರಸ್ ಸೋಂಕು, ಅಲರ್ಜಿ, ತಲೆಗೆ ಪೆಟ್ಟು, ಹೀಗೆ ಸಾಮಾನ್ಯ ಕಾರಣಗಳೇ ಹೆಚ್ಚು, ವಾಸನೆ ಕಳ್ಕೊಂಡ ಬಹುಪಾಲು ಜನರಿಗೆ ಪಾರ್ಕಿನ್ಸನ್ ಬರಲ್ಲ. ಕೋವಿಡ್‌ನಲ್ಲಿ ವಾಸನೆ ಹೋಗಿದ್ದರ ಕಾರಣವೂ ಬೇರೆ, ವೈರಸ್ಸು ಹಿಡಿಯೋದು ಮುಖ್ಯವಾಗಿ ವಾಸನೆ ನರಕೋಶಗಳಿಗೆ ಆಸರೆಯಾಗಿರೋ ಪಕ್ಕದ ಕೋಶಗಳನ್ನ, ಅದಕ್ಕೇ ತುಂಬ ಜನಕ್ಕೆ ಕೆಲವು ವಾರದಲ್ಲಿ ವಾಸನೆ ವಾಪಸ್ ಬಂತು.

ನಿಮ್ಮ ತಂದೆಯ ವಿಷಯದಲ್ಲಿ ಈಗ ಮೊದಲು ಮಾಡಬೇಕಾದ್ದು ಮನೆಯ ಸುರಕ್ಷತೆ. ಗ್ಯಾಸ್ ಸೋರಿದ್ರೂ ಹೊಗೆ ಬಂದ್ರೂ ಅವರಿಗೆ ಗೊತ್ತಾಗಲ್ಲ, ಹೊಗೆ ಅಲಾರಂ ಮತ್ತು ಗ್ಯಾಸ್ ಡಿಟೆಕ್ಟರ್ ಹಾಕಿಸಿ, ಹಳಸಿದ ಆಹಾರ ಮೂಸಿ ಗುರುತಿಸೋದು ಅವರಿಂದ ಆಗಲ್ಲ, ಡಬ್ಬಿ ಮೇಲೆ ತಾರೀಖು ಬರೆದಿಡಿ. ನಾವು ರುಚಿ ಅನ್ನೋದರಲ್ಲಿ ಬಹುಪಾಲು ಬಾಯಿಂದ ಮೂಗಿನ ಹಿಂಭಾಗಕ್ಕೆ ಏರೋ ವಾಸನೆನೇ, ಹಾಗಾಗಿ ಊಟ ಸೇರ್ತಿಲ್ಲ ಅಂತ ಅವರು ಹೇಳಿದ್ರೆ ಅದು ಹಠ ಅಲ್ಲ. ತಿಂಗಳಿಗೊಮ್ಮೆ ತೂಕ ನೋಡಿ ಬರೆದಿಡಿ, ಇಳೀತಿದ್ರೆ ಮುಂದಿನ ಸಲ ನರರೋಗ ತಜ್ಞರ ಹತ್ತಿರ ಹೋಗುವಾಗ ಆ ಚೀಟಿನೂ ತಗೊಂಡು ಹೋಗಿ.